ಒದ್ದೆ ಮರಳಿನ ಮಾತು

12 ಏಪ್ರಿಲ್ 2004, ಸೋಮವಾರ

ಮೀನು ಒಣಗಲು ಹರಡಿ, ದೀಕ್ಷಾಳನ್ನು ಕರೆದುಕೊಂಡು ಮತ್ತೆ ಕೋಡಿ ಕಡಲಿಗೆ. ಇವತ್ತೂ ಒದ್ದೆ ಮರಳಿಗೆ ಕಾಲಿಡಲಿಲ್ಲ. ಎರಡೂ ಕೈ ಮೇಲೆತ್ತಿ ನಿಂತೇ ಇದ್ದಳು, ಪೊಲೀಸರು ಹಿಡಿದ ಹಾಗೆ. ಅಣ್ಣನ ಮಗಳು, ಮಾತು ಬರಲಿ ಎಂದು ನನ್ನ ಹತ್ತಿರ ಬಿಟ್ಟಿದ್ದಾರೆ. ಮೂರೂವರೆ ವರ್ಷ, ಇನ್ನೂ ಒಂದು ಮಾತಿಲ್ಲ. ಬೊಂಬಾಯಿಯ ಒಂದು ಕೋಣೆಯಲ್ಲಿ ಬೆಳೆದ ಕೂಸು... ಮಣ್ಣೆಂದರೆ ಕೊಳೆ ಅಂತಲೇ ಕಲಿತದ್ದು.

ಸ್ಪೀಚ್ ಡಾಕ್ಟರ್ ಹೇಳಿದ್ದು—ಹೊರಗೆ ಬಿಡಿ, ಮರಳು ನೀರು ಮುಟ್ಟಲಿ, ಮುಟ್ಟಿದ್ದಕ್ಕೆ ಒಂದೇ ಮಾತು ಹೇಳಿ, ಆಮೇಲೆ ಸುಮ್ಮನೆ ಕಾಯಿರಿ. ನಾನು ಸುಮ್ಮನಿರುವುದೆಂದರೆ! ನನ್ನ ಬಾಯಿ ಊರಿಗೆಲ್ಲ ಗೊತ್ತು.

17 ಏಪ್ರಿಲ್

ಪಕ್ಕದ ಮನೆ ಸೀತಕ್ಕನಿಗೆ ಮೊನ್ನೆಯಿಂದ ನಗು. "ಮರ್ಳಲ್ ಆಡ್ರೆ ಮಾತ್ ಬತ್ತಾ? ಬಜಿ ತೇದ್ ನಾಲ್ಗಿಗ್ ಹಚ್ಚ್. ಕೊಲ್ಲೂರಿಗ್ ಕರ್ಕಂಡ್ ಹೋಗ್." ಬಜೆಯೂ ಹಚ್ಚಿದೆ. ಮಗು ಮುಖ ಕಿವುಚಿ ನಾಲಿಗೆಯನ್ನು ನನ್ನ ಸೀರೆಗೇ ಒರೆಸಿತು. ಕೊಲ್ಲೂರಿಗೂ ಹೋಗಿಬಂದೆವು. ಒಂದನ್ನಾದರೂ ಬಿಡುವಷ್ಟು ಧೈರ್ಯ ನನಗಿಲ್ಲ.

25 ಏಪ್ರಿಲ್, ಭಾನುವಾರ

ಕಾಲಿಟ್ಟಳು! ಏಡಿಯ ಬಿಲಕ್ಕೆ ಬೆರಳೂ ತೂರಿಸಿದಳು. ಫ್ರಾಕ್ ತುಂಬ ಕೆಸರು.

ಸಂಜೆ ಅಣ್ಣನ ಫೋನ್. "ಎಂತಾರೂ ಮಾತಾಡ್ತಾ ಹೆಣ್ಣ್?"

"ಇಲ್ಲ. ನೆಗಾಡತ್."

"ನೆಗಾಡ್ರೆ ಸ್ಕೂಲಲ್ ತಕಂತ್ರಾ ಮಾರಾಯ್ತಿ? ಜೂನಲ್ ಅಡ್ಮಿಷನ್. ಮಾತ್ ಬಂದ್ ಕೂಡ್ಲೆ ಹೇಳ್, ಬಂದ್ ಕರ್ಕಂಡ್ ಹೋತೆ."

"ಬರ್ದೇ ಇದ್ರೆ?"

"ಒಂದ್ ವರ್ಷ ನಿನ್ ಹತ್ರವೇ ಇರ್ಲಿ."

ಫೋನ್ ಇಟ್ಟೆ. ಬಾರದಿದ್ದರೆ ಇಲ್ಲೇ... ಛೀ, ಎಂಥ ಲೆಕ್ಕ ಹಾಕುತ್ತದೆ ಈ ಹಾಳು ಮನಸ್ಸು.

8 ಮೇ

ಮರಳಲ್ಲಿ ಮನೆ ಕಟ್ಟಿದೆವು. ತೆರೆ ಬಂದಾಗ "ಬಂತ್" ಎಂದೆ. ಬಾಯಿ ಮುಚ್ಚಿಕೊಂಡೆ. ಕಾದೆ. ತೆರೆ ಅರ್ಧ ಮನೆ ಕರಗಿಸಿಕೊಂಡು ಹಿಂದೆ ಸರಿಯಿತು. ಆಗ—

"ಹೋಯ್ತ್."

ದೀಕ್ಷಾ! ನಾನು ಕಾದದ್ದು ಒಂದಕ್ಕೆ, ಅವಳು ಹೇಳಿದ್ದು ಇನ್ನೊಂದು. ಮತ್ತೆ ಕಟ್ಟಿದೆವು, ಮತ್ತೆ ಹೇಳಿದಳು. ಒದ್ದೆಯಲ್ಲೇ ಕೂತು ಅತ್ತುಬಿಟ್ಟೆ. ಬಲೆ ಎಳೆಯುತ್ತಿದ್ದವರೆಲ್ಲ ತಿರುಗಿ ನೋಡಿದರು.

9 ಮೇ, ಭಾನುವಾರ

ಅಣ್ಣ ಫೋನ್ ಮಾಡಿದ. ಹೇಳಲಿಲ್ಲ.

ಮೂವತ್ತೆಂಟಾಯಿತು. ಮದುವೆ, ಮಕ್ಕಳು ಇನ್ನು ನನಗಿಲ್ಲ. ಈ ಮಗು ನನಗೆ ಬೇಕು.

16 ಮೇ, ಭಾನುವಾರ

ಹೇಳಿದೆ. ಅತ್ತಿಗೆ ವನಜ ಫೋನ್ ಕಸಿದುಕೊಂಡಳು. "ಎಂತ ಹೇಳ್ತ್? ಹ್ಯಾಂಗ್ ಹೇಳ್ತ್? ಅದ್ ಹೇಳ್ದಾಂಗೇ ಹೇಳ್!" ಹೇಳಿ ತೋರಿಸಿದೆ. ಆ ಕಡೆ ಅಳು. ಹೆತ್ತವಳು. ಅವಳಿಗೆ ಸೇರಿದ್ದನ್ನು ಒಂದು ವಾರ ಬಚ್ಚಿಟ್ಟುಕೊಂಡಿದ್ದೆನಲ್ಲ.

ಈಗ ನೀರ್, ಏಡಿ, ತಂಪ್... ದಿನಕ್ಕೊಂದು ಹೊಸದು. ಮೊನ್ನೆಯಿಂದ ಅತ್ತೆಯಾದ ನಾನು ಅವಳ ಬಾಯಲ್ಲಿ "ಅತ್ತಿ".

29 ಮೇ

ಅಣ್ಣ ಅತ್ತಿಗೆ ಬಂದರು. ದೀಕ್ಷಾ ಇಬ್ಬರನ್ನೂ ಕಡಲಿಗೆ ಎಳೆದಳು. ವನಜ ಚಪ್ಪಲಿ ಬಿಚ್ಚಲಿಲ್ಲ. "ಇನ್ಫೆಕ್ಷನ್ ಆತ್ತ್, ಹೆಣ್ಣೇ." ಅಲ್ಲಿಯೂ ಮಣ್ಣಲ್ಲಿ ಆಡಿಸಿ ಎಂದೆ. ಹೂಂ ಎಂದಳು. ಎಲ್ಲಿ ಆಡಿಸುತ್ತಾಳೆ, ನಾಲ್ಕನೇ ಮಾಳಿಗೆಯಲ್ಲಿ?

31 ಮೇ, ಸಂಜೆ

ಕುಂದಾಪುರ ಬಸ್ ಸ್ಟ್ಯಾಂಡ್. ಅಣ್ಣ ಬ್ಯಾಗ್ ಹತ್ತಿಸಿದ. ವನಜ ಸೀಟು ಹಿಡಿದು ಕರೆದಳು, "ಟಾಟಾ ಮಾಡಿ ಬಾ." ದೀಕ್ಷಾ ಮೆಟ್ಟಿಲ ಮೇಲೆ ನಿಂತು ನನ್ನ ಬೆರಳು ಹಿಡಿದೇ ಇದ್ದಳು.

"ಅತ್ತಿ, ಹೋಪ."

ಹೋಪ ಅಂದರೆ ಹೋಗೋಣ, ನಾನೂ ನೀನೂ. ಒಬ್ಬರೇ ಹೋಗುವುದಕ್ಕೆ ಬೇರೆ ಮಾತಿದೆ. ಅದನ್ನು ನಾನು ಕಲಿಸಿಯೇ ಇರಲಿಲ್ಲ—ಯಾವತ್ತೂ ಇಬ್ಬರೂ ಒಟ್ಟಿಗೇ ಹೋದದ್ದಲ್ಲವೇ. ಕಂಡಕ್ಟರ್ ಸೀಟಿ ಊದಿದ. "ಹೋಪ, ಅತ್ತಿ!" ಕೈ ಜಗ್ಗಿದಳು. ಬೆರಳು ಬಿಡಿಸಿಕೊಂಡದ್ದು ನಾನೇ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಅವಳು ಕೂಗಿದ್ದು ಒಂದೇ ಮಾತು, "ಹೋಯ್ತ್."