ಹೊಟ್ಟೆನುಲಿತಕ್ಕೊಂದು ಇಂಗ್ಲಿಷ್ ಪದ

ಗದಗ, ೨೧೮೬, ಎರಡನೆಯ ಆಗಸ್ಟ್ ಮೂವತ್ತೆಂಟು

ಸುವರ್ಣಜ್ಜಿಗೆ, ನಿಮ್ಮ ಮರಿಮಗಳ ಮರಿಮಗಳು ನೀಲಾಂಬಿಕೆಯ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಪಂಚಾಂಗವೇ ಹಾಗೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕಾಗದ ಕಾಲದಲ್ಲಿ ಹಿಂದಕ್ಕೆ ಬಂದು ನಿಮ್ಮ ಕೈ ಸೇರುವಾಗ ನೀವಿನ್ನೂ ಎಳೆಯ ಹುಡುಗಿ, ಬ್ಯಾಂಕ್ ಪರೀಕ್ಷೆಗೆಂದು ಕಷ್ಟದ ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತಿರುತ್ತೀರಿ, ಗೊತ್ತು. ಆದರೂ ಅಜ್ಜಿ ಎನ್ನದೆ ನನಗೆ ಬಾಯಿ ಬರುವುದಿಲ್ಲ.

ಇಲ್ಲಿ ಯಾರೂ ಪರಭಾಷೆ ಕಲಿಯುವುದಿಲ್ಲ. ಕಿವಿಯ ಹಿಂದೆ ಕಡಲೆಕಾಳಿನಷ್ಟು ಗಾತ್ರದ ‘ಸಪಾಟು’ ಎಂಬ ಯಂತ್ರ ಇರುತ್ತದೆ. ಯಾವ ಮಾತನ್ನಾದರೂ ಯಾವ ಭಾಷೆಗಾದರೂ ತಿರುಗಿಸಿ ಕೊಡುತ್ತದೆ. ರೊಟ್ಟಿ ಬಡಿಯುತ್ತಲೇ ಚಿಲಿ ದೇಶದವರೊಡನೆ ಚೌಕಾಶಿ ಮಾಡುತ್ತೇವೆ. ಆದರೆ ಅದು ಜನ ಜನರೊಡನೆ ಆಡಿದ್ದನ್ನಷ್ಟೇ ಕೇಳಿ ಕಲಿತ ಯಂತ್ರ. ನಿಮ್ಮ ಕಾಲದವರು ದೊಡ್ಡ ಪದಗಳನ್ನು ಪರೀಕ್ಷೆಯಲ್ಲಿ ಕಕ್ಕಿ ಮರೆತುಬಿಟ್ಟಿರಿ; ಮಾತಿನಲ್ಲಿ ತಂದರೆ ಜಂಬ ಅಂದಾರು ಎಂಬ ಸಂಕೋಚ ಬೇರೆ. ಹೀಗಾಗಿ ಅವು ಸಪಾಟಿನ ಕಿವಿಗೆ ಬೀಳಲೇ ಇಲ್ಲ. ಸಿಟ್ಟು ಬರುತ್ತದೆ ಅಜ್ಜಿ, ನಿಮ್ಮ ಮೇಲೇ.

ನಮ್ಮವ್ವ ಚೆನ್ನವ್ವನಿಗೆ ಹಲವು ದಿನಗಳಿಂದ ಹೊಟ್ಟೆ ಸರಿಯಿಲ್ಲ. ಪರದೆಯ ಮೇಲೆ ನೋಡುವ ಡಾಕ್ಟರು ಸಮುದ್ರದಾಚೆ ಕೂತ ಇಂಗ್ಲಿಷಿನವರು. ರೋಗಿಯ ಬಾಯಿಂದಲೇ ಕೇಳಿ, ಆಪರೇಷನ್ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಇಲ್ಲಿನ ಪದ್ಧತಿ. ಅವ್ವ ಚಳುಕು ಅಂದಳು, ಉರಿ ಅಂದಳು. ಕೊನೆಗೆ, “ಬರೇ ನೋವಲ್ಲರೀ ಸಾಹೇಬ್ರ, ಒಳಗ ಕರುಳು ಹಿಡದು ನುಲದಂಗ ಆಗ್ತೈತಿ,” ಅಂದಳು. ಸಪಾಟು ಪ್ರತಿಸಲವೂ ನೋವು ಎಂಬರ್ಥದ ಅದೇ ಒಂದು ಪದವನ್ನು ದಾಟಿಸಿತು. ಡಾಕ್ಟರು ಅದೇ ನೋವಿನ ಗುಳಿಗೆ ಮುಂದುವರಿಸಿದರು.

ನನಗೆ ತಡೆಯಲಾಗಲಿಲ್ಲ. ಯಾರೊಡನೆಯೂ ಆಡಿದ್ದಲ್ಲವೆಂದು ಸಪಾಟು ಬಿಟ್ಟಿದ್ದ ಹಳೆಯ ರೇಡಿಯೊ ಧ್ವನಿಮುದ್ರಣಗಳನ್ನೆಲ್ಲ ಜಾಲಾಡಿ ಒಂದು ಪದ ಹಿಡಿದೆ: ಗ್ರೈಪಿಂಗ್. ಕರುಳು ಹಿಂಡುವ ನೋವಿಗೆ ನಿಮ್ಮ ಕಾಲದಲ್ಲಿ ಹಾಗನ್ನುತ್ತಿದ್ದರಂತೆ. ಇವತ್ತು ಸಪಾಟು ಕಿತ್ತಿಟ್ಟು, ಹೇಗೋ ನಾಲಿಗೆ ಹೊರಳಿಸಿ ಡಾಕ್ಟರಿಗೆ ಹೇಳಿದೆ. ಅವರು ಕಣ್ಣು ಪಿಳಿಪಿಳಿ ಬಿಟ್ಟರು. ಅವರದೇ ಭಾಷೆ, ಆದರೂ ಸಪಾಟಿನಲ್ಲೇ ಬೆಳೆದವರು, ಆ ಪದ ಕೇಳಿಯೇ ಇರಲಿಲ್ಲ. ಸೆರಗು ಹಿಂಡಿ ತೋರಿಸಿದೆ. ಬಟ್ಟೆ ಒಗೆಯುವ ವಿಷಯವೆಂದುಕೊಂಡು ನಕ್ಕರು.

ಕೈಮುಗಿಯುತ್ತೇನೆ ಅಜ್ಜಿ, ಆ ಪದಗಳನ್ನು ಒಬ್ಬರೇ ಬಾಯಿಪಾಠ ಮಾಡಿ ಮುಗಿಸಬೇಡಿ. ಗೆಳತಿಯೊಡನೆ ಆಡಿ, ಜಗಳದಲ್ಲಿ ಬಳಸಿ, ಇಂಗ್ಲಿಷಿನವರು ಸಿಕ್ಕರೆ ಅವರ ಕಿವಿಗೂ ಹಾಕಿ. ಜಂಬ ಅಂದರೆ ಅನ್ನಲಿ. ಬೇಗ ಮಾಡಿ. ನಾಳೆ ಮತ್ತೆ ಡಾಕ್ಟರ ಎದುರು ಕೂರಬೇಕು, ಅವ್ವ ಹೇಳಿ ಹೇಳಿ ಸೋತಿದ್ದಾಳೆ. ಸಂಜೆ ಹೊಟ್ಟೆ ಹಿಡಿದು ಮುದುಡಿ ಮಲಗಿದ್ದಳು. ಹೇಗಾಗುತ್ತಿದೆ ಎಂದು ನಾನೇ ಕೇಳಿದೆ, ಸಪಾಟಿಲ್ಲದೆ, ನಮ್ಮ ಕನ್ನಡದಲ್ಲೇ.

“ನೋವು,” ಅಂದಳು.