ಅಟ್ಟದ ಕಿಟಕಿಯಲ್ಲಿ ಆರು ಅಂಕಿ

ಜೂನ್ 28, ಶನಿವಾರ

ಆನ್ ಆಯ್ತಂತೆ — ಆರ್ಯ ಕೈಯಾರೆ ಕಟ್ಟಿದ ಕಂಪ್ಯೂಟರ್ ಇವತ್ತು ಹನ್ನೊಂದೂಕಾಲಿಗೆ ಆನ್ ಆಯ್ತಂತೆ! ಮೊದಲು ಫೋನ್ ಮಾಡಿದ್ದು ನನಗೆ. ಮನೆಯಲ್ಲೇ ಇರುವ ಅತ್ತೆಗೂ ಆಮೇಲೆಯೇ ಹೇಳಿದ್ದು. ನಾನು ಕೊಬ್ಬರಿ ಅಟ್ಟದಲ್ಲಿ ನಿಂತು ಕುಣಿದೆ. ಕಾಲಿಗೆ ಸಿಕ್ಕಿ ಎರಡು ಕಾಯಿ ಉರುಳಿ ಕೆಳಗೆ ಬಿದ್ದವು. ಅಮ್ಮ ಅಡುಗೆಮನೆಯಿಂದ ಬೈದಳು. ಬೈಯಲಿ.

ಮದುವೆಯಾಗಿ ನಲವತ್ತೊಂದು ದಿನ. ಜೊತೆಗಿದ್ದದ್ದು ಮೂವತ್ತೆಂಟು. ಆಷಾಢ ಬಂತು, ಹೊಸ ಸೊಸೆಯೂ ಅತ್ತೆಯೂ ಒಂದೇ ಹೊಸ್ತಿಲು ದಾಟಬಾರದು ಅಂತ ನನ್ನನ್ನು ಅರಳಗುಪ್ಪೆಗೆ ತಂದು ಬಿಟ್ಟರು. ತಿಪಟೂರು ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ತೋಟದಿಂದ ರೈಲಿನ ಸದ್ದು ಕೇಳುತ್ತದೆ. ಅದೇ ಹಿಂಸೆ.

ಹೊರಡುವ ದಿನ ಆರ್ಯ ತಮ್ಮ ಒಳ್ಳೆಯ ಫೋನ್ ನನ್ನ ಕೈಗಿಟ್ಟರು. ನನ್ನದರ ಸ್ಕ್ರೀನ್ ಒಡೆದಿತ್ತಲ್ಲ... ಸಿಮ್ ಮಾತ್ರ ನನ್ನದು, ಒಳಗಿನ ಅಕೌಂಟ್ ಅವರದೇ. ಅವರ ಹತ್ತಿರ ಈಗ ಇರುವುದು ಬಟನ್ ಫೋನ್. ಮೆಸೇಜೆಲ್ಲ ಹೊಸ ಕಂಪ್ಯೂಟರಿನಿಂದ. "ಮೊದಲನೇ ಮೆಸೇಜು ನಿಂಗೇ. ಪ್ರಾಮಿಸ್" ಅಂದಿದ್ದಾರೆ. ನಮ್ಮ ಮನೆಯಲ್ಲಿ ಕಾಲ್ ಎಲ್ಲಿ ರಿಂಗಾದರೂ ಮಾತು ಕೇಳುವುದು ಅಟ್ಟದ ಕಿಟಕಿಯಲ್ಲಿ ಮಾತ್ರ, ಅದೂ ಕತ್ತರಿಸಿ ಕತ್ತರಿಸಿ. ಮೆಸೇಜಾದರೆ ಕೆಳಗೆ ವೈಫೈಯಲ್ಲಿ ದಿನವಿಡೀ ಬರುತ್ತದೆ. ಹಾಗಾಗಿ ಆ ಕಂಪ್ಯೂಟರ್ ಡಬ್ಬದ ಮೆಸೇಜ್ ಸರ್ವೀಸ್ ಆಕ್ಟಿವೇಟ್ ಆದರೆ ನನ್ನ ಆಷಾಢ ಅರ್ಧ ಮುಗಿದ ಹಾಗೆ.

ಎಲ್ಲರೂ ಅವರನ್ನು ತೋಂಟದಾರ್ಯ ಅಂತಾರೆ, ಗೆಳೆಯರು ತೋಂಟ ಅಂತಾರೆ. ಆರ್ಯ ಅನ್ನುವವಳು ನಾನೊಬ್ಬಳೇ. ಒಬ್ಬಳೇ!

ಜೂನ್ 30, ಸೋಮವಾರ, ಮಧ್ಯಾಹ್ನ

ಆಗಲಿಲ್ಲ.

ಈ ಫೋನ್ ಮಾಡುವ ಕಂಪನಿಯ ಸಾಫ್ಟ್‌ವೇರ್ ಅದೇ ಕಂಪನಿಯ ಕಂಪ್ಯೂಟರಿನಲ್ಲೇ ಕೂರಬೇಕಂತೆ. ಆರ್ಯ ಬಿಡಿಭಾಗ ತಂದು ಕಟ್ಟಿದ ಡಬ್ಬದಲ್ಲಿ ಕೂರಿಸಿದ್ದಾರೆ. ಎಲ್ಲ ನಡೆಯುತ್ತದೆ, ಮೆಸೇಜ್ ಒಂದು ಬಿಟ್ಟು. ಪ್ರತಿ ಸಲ ಲಾಗಿನ್ ಮಾಡಿದಾಗ ಆರಂಕಿಯ ಕೋಡ್ ಬರುತ್ತದೆ. ಬರುವುದೆಲ್ಲಿಗೆ? ಅವರ ಫೋನಿಗೆ. ಅಂದರೆ ನನ್ನ ಕೈಗೆ. ಅವರು ಅಲ್ಲಿಂದ ಕಾಲ್ ಮಾಡುವುದು, ನಾನು ಅಟ್ಟ ಹತ್ತಿ ಕಿಟಕಿಯಲ್ಲಿ ಓದುವುದು. ಮಂತ್ರ ಹೇಳಿಕೊಟ್ಟ ಹಾಗೆ ಓದಿದೆ. ಎಂಟು, ಸೊನ್ನೆ, ಮೂರು... ಅವರು ಹಿಂದೆಯೇ ಹೇಳುತ್ತಾ ಒತ್ತಿದರು. ಎಷ್ಟು ಹತ್ತಿರ ಅನಿಸಿತು ಗೊತ್ತಾ. ನಾನಿಲ್ಲದೆ ಬೀಗ ತೆಗೆಯಲು ಆಗುವುದೇ ಇಲ್ಲ.

ಕೋಡ್ ಸರಿ ಹೋಯಿತು. ಆದರೆ ಸ್ಕ್ರೀನಿನಲ್ಲಿ "ಆಕ್ಟಿವೇಶನ್ ಫೇಲ್ಡ್".

ಪರವಾಗಿಲ್ಲ, ಸುನಂದಾನ ಕೇಳ್ತೀನಿ ಅಂದರು.

ಸುನಂದಾ ಯಾರು?

ಡಿಪ್ಲೊಮಾದಲ್ಲಿ ಕ್ಲಾಸ್‌ಮೇಟ್ ಅಂತೆ. ತುರುವೇಕೆರೆಯ ಕಡೆ ಕಾಲೇಜಿನಲ್ಲಿ ಲೆಕ್ಚರರ್. ಅವಳೂ ಇಂಥದೇ ಒಂದು ಡಬ್ಬ ಕಟ್ಟಿದ್ದಾಳಂತೆ. ಬಹಳ ಬುದ್ಧಿವಂತೆ ಅಂತೆ. ಇಷ್ಟೆಲ್ಲ ಅಂತೆ ನಾನು ಕೇಳಿರಲಿಲ್ಲ.

ಜುಲೈ 1, ಮಂಗಳವಾರ

ಕಾರಣ ಸಿಕ್ಕಿತಂತೆ. ಸಿಕ್ಕಿದ್ದು ಯಾರಿಗೆ — ಸುನಂದಾಗೆ. ಡಬ್ಬ ಕಟ್ಟುವಾಗಲೇ ಅವಳು ತನ್ನ ಕಂಪ್ಯೂಟರಿನ ಒಂದು ಫೋಲ್ಡರನ್ನು ಇಡಿಯಾಗಿ ಕೊಟ್ಟಿದ್ದಳು, ಇವರು ಹಾಗೇ ಹಾಕಿಕೊಂಡಿದ್ದರು. ಅದರೊಳಗೆ ಅವಳ ಡಬ್ಬದ ಸೀರಿಯಲ್ ನಂಬರೂ ಇತ್ತು. ಒಂದೇ ನಂಬರು ಎರಡು ಮನೆಯಲ್ಲಿದ್ದರೆ ಸರ್ವೀಸ್ ಒಪ್ಪುವುದಿಲ್ಲ. ಇವತ್ತು ನಂಬರ್ ಬದಲಾಯಿಸುತ್ತಾರೆ, ನಾಳೆ ಮತ್ತೆ ಪ್ರಯತ್ನ.

ಅಂದರೆ ನನ್ನ ಗಂಡನ ಡಬ್ಬದೊಳಗೆ ಇಷ್ಟು ದಿನ ಅವಳ ನಂಬರು ಕೂತಿತ್ತು. ಟೆಕ್ನಿಕಲ್ ವಿಷಯ ಅಂತ ಗೊತ್ತು. ನಾನೇನು ದಡ್ಡಿಯಲ್ಲ, ಹನ್ನೆರಡು ವರ್ಷ ಕಾನ್ವೆಂಟಿನಲ್ಲಿ ಓದಿದವಳು. ಆದರೂ ಮಧ್ಯಾಹ್ನ ಊಟ ಸೇರಲಿಲ್ಲ.

ಜುಲೈ 2, ಬುಧವಾರ, ನಾಲ್ಕು ಗಂಟೆ

ಬರೆಯಲೇಬೇಕು, ಇಲ್ಲದಿದ್ದರೆ ಸಿಡಿದುಹೋಗುತ್ತೇನೆ.

ಮೂರೂವರೆಗೆ ಫೋನಿನಲ್ಲಿ ಒಂದು ನೋಟಿಫಿಕೇಶನ್. ನಿಮ್ಮ ಅಕೌಂಟಿಗೆ ಹೊಸ ಕಂಪ್ಯೂಟರಿನಿಂದ ಲಾಗಿನ್ ಪ್ರಯತ್ನ ನಡೆಯುತ್ತಿದೆ ಅಂತ ಇಂಗ್ಲಿಷಿನಲ್ಲಿ. ಕಂಪ್ಯೂಟರಿನ ಹೆಸರು: ಸುನಂದಾ.

ಸುನಂದಾ!

ಆ ಫೋಲ್ಡರಿನ ಜೊತೆ ಬಂದ ಹೆಸರಿರಬಹುದು. ಇರಲಿ. ನಂಬರ್ ಬದಲಾಯಿಸಿದವರಿಗೆ ಹೆಸರು ಬದಲಾಯಿಸಲು ಏನು ಧಾಡಿ? ಗಾನವಿ ಅಂತ ನನ್ನ ಹೆಸರು ಇಡಬಹುದಿತ್ತು. ಬರೀ ಮೂರು ಅಕ್ಷರ.

ಅಷ್ಟರಲ್ಲಿ ಕಾಲ್ ಬಂತು. ಅಟ್ಟ ಹತ್ತಿದೆ. ಆ ಕಡೆಯಿಂದ ನಗುನಗುತ್ತಾ, ಕೋಡ್ ಬಂತಾ, ಹೇಳು ಹೇಳು ಅಂದರು. ಸ್ಕ್ರೀನಿನಲ್ಲಿ 481926. ನನ್ನ ಬಾಯಿಂದ ಬಂದದ್ದು ನಾಲ್ಕು ಎಂಟು ಒಂದು ಒಂಬತ್ತು ಆರು ಎರಡು.

ಕಣ್ಣಿಗೆ ಸರಿಯಾಗಿ ಕಾಣುತ್ತಿತ್ತು. ಬೇಕಂತಲೇ ಹೇಳಿದೆ.

ತಪ್ಪು ಅಂತ ಬಂತಂತೆ. ಆರ್ಯ ಏನೆಂದರು ಗೊತ್ತಾ — "ನಾನೇ ಎಲ್ಲೋ ತಪ್ಪಾಗಿ ಒತ್ತಿರ್ಬೇಕು ಕಣೇ. ಇರು, ಇನ್ನೊಂದ್ಸಲ."

ಇನ್ನೊಂದು ಸಲವೂ ತಪ್ಪು ಹೇಳಿದೆ. ಮನಸ್ಸಿಗೆ ಎಂಥದೋ ತಂಪು. 

ಜುಲೈ 3, ಗುರುವಾರ

ಮೂರನೆಯ ಸಲ. ಇವತ್ತು ಸರಿಯಾಗಿಯೇ ಹೇಳಬೇಕು ಅಂದುಕೊಂಡೇ ಅಟ್ಟ ಹತ್ತಿದ್ದೆ. ಆದರೆ ಇವತ್ತು ಸರಿಹೋದರೆ ನಿನ್ನೆ ಎರಡು ಸಲ ಯಾಕೆ ತಪ್ಪಿತು ಅಂತ ಯೋಚಿಸುವುದಿಲ್ಲವೇ? ಆ ಭಯಕ್ಕೆ ಮತ್ತೆ ಸುಳ್ಳು ಅಂಕಿ.

ಅಕೌಂಟ್ ಲಾಕ್ ಆಯಿತು. ಒಂದು ವಾರ ಮುಟ್ಟುವಂತಿಲ್ಲ.

ನನ್ನನ್ನು ಏನಾದರೂ ಕೇಳುತ್ತಾರೆ ಅಂತ ಕಾದೆ. ಕೇಳಲಿಲ್ಲ. "ನೀನು ಓದಿದ್ದು ತಪ್ಪಾಗಕ್ಕಿಲ್ಲ. ಇದು ಕಾರ್ಡಿನ ಕಿತಾಪತಿ" ಅಂದರು. ನೆಟ್‌ವರ್ಕ್ ಕಾರ್ಡು, ಡಬ್ಬವನ್ನು ಇಂಟರ್‌ನೆಟ್ಟಿಗೆ ಜೋಡಿಸುವುದು. ಅವರು ಒತ್ತಿದ್ದನ್ನು ಅದು ಕಂಪನಿಗೆ ತಪ್ಪಾಗಿ ಮುಟ್ಟಿಸುತ್ತಿದೆಯಂತೆ. ಪಾಪ, ಅವರಿಗೆ ನನಗಿಂತ ಒಂದು ಕಾರ್ಡನ್ನು ಅನುಮಾನಿಸುವುದು ಸುಲಭ.

ಜುಲೈ 8, ಮಂಗಳವಾರ

ಐದು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ಬೆಳಿಗ್ಗೆ ಕೊಬ್ಬರಿ ಮಂಡಿಯಲ್ಲಿ ಕೆಲಸ, ಮಧ್ಯಾಹ್ನದಿಂದ ಡಬ್ಬ ಬಿಚ್ಚುವುದು — ಆರ್ಯ ಇಷ್ಟೇ ಮಾಡುತ್ತಿದ್ದಾರೆ. ಇವತ್ತು ಕಾಲ್‌ನಲ್ಲಿ ಧ್ವನಿಯೇ ಬೇರೆ ಇತ್ತು. ಮಹಾಂತೇಶನ ಜೊತೆ ಮಾತು ಬಿಟ್ಟಿದ್ದಾರೆ.

ಮಹಾಂತೇಶ್ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟವರು. ಒಂದನೇ ಕ್ಲಾಸಿನಿಂದ ಇಬ್ಬರೂ ಒಂದೇ ಬೆಂಚು. ನಮ್ಮ ಮದುವೆಯಲ್ಲಿ ಬೆವರು ಸುರಿಸಿಕೊಂಡು ಪಾಯಸ ಬಡಿಸಿದ್ದು, ನನಗೆ ಬೇಡ ಬೇಡ ಅಂದರೂ ಎರಡು ಸೌಟು ಜಾಸ್ತಿ ಹಾಕಿದ್ದು ಅವರೇ. ಆ ಕಾರ್ಡ್ ಅವರ ಅಂಗಡಿಯದು. ಶನಿವಾರ ಆರ್ಯ ಅದನ್ನು ಬಿಚ್ಚಿ ತೆಗೆದುಕೊಂಡು ಹೋಗಿ ಕೌಂಟರ್ ಮೇಲೆ ಎಸೆದರಂತೆ. ನೀನೂ ಡೂಪ್ಲಿಕೇಟ್ ಮಾರೋಕೆ ಶುರು ಮಾಡಿದ್ಯೇನ್ಲಾ ಅಂತ ಜೋರಾಗಿ ಕೇಳಿದರಂತೆ. ಕಾರ್ಡ್ ಸರಿಯಾಗಿದೆ ಕಣ್ಲಾ ಅಂತ ಮಹಾಂತೇಶ್ ಎಷ್ಟು ಹೇಳಿದರೂ ಕೇಳಲಿಲ್ಲ. ಅಲ್ಲೇ ಒಂದು ಸ್ಕೂಲಿನ ಹೆಡ್‌ಮಾಸ್ಟರು ಹತ್ತು ಕಂಪ್ಯೂಟರಿಗೆ ಆರ್ಡರ್ ಕೊಡಲು ಬಂದು ಕೂತಿದ್ದರಂತೆ. ಆಮೇಲೆ ಬರುತ್ತೇನೆ ಅಂತ ಎದ್ದು ಹೋದರಂತೆ.

ಆರ್ಯ ಇದನ್ನು ಗೆದ್ದವರ ಹಾಗೆ ಹೇಳಿದರು. ನಾನು ಹೂಂ ಅಂದೆ. ಸಿಗ್ನಲ್ ಹೋಯಿತು ಅಂತ ಕಟ್ ಮಾಡಿದೆ. ಸಿಗ್ನಲ್ ಇತ್ತು.

ಅಮ್ಮ ಅಟ್ಟದಲ್ಲಿ ಕಾಯಿ ಅಲ್ಲಾಡಿಸಿ ನೋಡುತ್ತಿದ್ದಳು. ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟುಕೊಂಡಿದ್ದರೆ ಸದ್ದು ಬರುತ್ತದೆ. ಕೆಟ್ಟಿದ್ದರೆ ಸದ್ದೇ ಇಲ್ಲ. ಒಂದನ್ನು ಕಿವಿಯ ಹತ್ತಿರ ಹಿಡಿದು, ಪಕ್ಕಕ್ಕಿಟ್ಟು, ನನ್ನ ಮುಖ ನೋಡಿದಳು. 

ಜುಲೈ 9, ಬುಧವಾರ

ಸುನಂದಾ ಬಂದಿದ್ದಳು. ಇಲ್ಲಿಗೆ. ನಮ್ಮ ತೋಟಕ್ಕೆ.

ಸ್ಕೂಟರಿನಲ್ಲಿ, ಹೆಲ್ಮೆಟ್ಟಿನೊಳಗೆ ಕೂದಲು ಕೆದರಿಕೊಂಡು. ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿದ್ದಾಳೆ. ಅಂದುಕೊಂಡಿದ್ದಕ್ಕಿಂತ ಕುಳ್ಳಿ. ಎರಡನೆಯದನ್ನೇ ಹಿಡಿದುಕೊಂಡೆ. ಅಮ್ಮ ಎಳನೀರು ಕೊಟ್ಟು ಒಳಗೆ ಹೋದ ಮೇಲೆ ಶುರು ಮಾಡಿದಳು.

ನಿನ್ನೆ ಸಂಜೆ ತಿಪಟೂರಿಗೆ ಹೋಗಿ ಡಬ್ಬ ನೋಡಿ ಬಂದಳಂತೆ. ಯಾವ ದೋಷವೂ ಇಲ್ಲ. ಮೊದಲನೇ ಸಲ ತಪ್ಪಿದ್ದು ತನ್ನ ನಂಬರಿನಿಂದ, ಅದು ತನ್ನದೇ ತಪ್ಪು, ಹೇಳಿ ಕೊಡಬೇಕಿತ್ತು ಅಂದಳು. ಆಮೇಲಿನದ್ದು...

"ಮೂರ್ಸಲ ತಪ್ಪು ಕೋಡ್ ಬಿದ್ದೈತೆ ಅಂತ ಅಲ್ಲೇ ಬರ್ಕಂಡೈತೆ. ಒಂದ್ಸಲ ಆದ್ರೆ ಬಾಯ್ತಪ್ಪು ಅನ್ನಬೌದು ಕಣೇ. ಮೂರ್ಸಲ ಆದ್ರೆ ಹೊಟ್ಟೆಕಿಚ್ಚು."

ನಾನು ನೆಲ ನೋಡಿದೆ. ಕಂಪ್ಯೂಟರಿಗೆ ನಿಮ್ಮ ಹೆಸರು ಯಾಕಿತ್ತು ಅಂತ ಕೇಳಿದೆ. ಕೇಳಿದ ಮೇಲೆ ಎಷ್ಟು ಸಣ್ಣ ಪ್ರಶ್ನೆ ಅನಿಸಿತು. ಅವಳು ಎಳನೀರು ನೆತ್ತಿಗೆ ಹತ್ತುವ ಹಾಗೆ ನಕ್ಕಳು.

"ನಿನ್ ಗಂಡನ್ನ ನಂಗೂ ಒಂದ್ಸಲ ಗಂಡು ಅಂತ ತೋರ್ಸಿದ್ರು. ಉಪ್ಪಿಟ್ಟು ತಿನ್ಕಂಡು ಮದರ್‌ಬೋರ್ಡ್ ಬಗ್ಗೆ ಒಂದ್ ಗಂಟೆ ಮಾತಾಡ್ದ. ನಾನೇ ಬ್ಯಾಡ ಅಂದೆ. ಬುಡು, ಅವ್ನು ಪೂರ್ತಿ ನಿಂದೇ."

ಇದನ್ನು ಕೇಳಿ ಸಮಾಧಾನವಾಗಬೇಕಿತ್ತಲ್ಲವೇ? ಇಲ್ಲ. ನನ್ನ ಆರ್ಯನನ್ನು ಬೇಡ ಅಂದಳೇ, ಅದು ಹೇಗೆ ಬೇಡ ಅಂದಳು ಅಂತ ಇನ್ನೊಂದು ಉರಿ. ನನಗೆ ನಾನೇ ಅರ್ಥವಾಗುವುದಿಲ್ಲ.

ಹೋಗುವಾಗ ಹೆಲ್ಮೆಟ್ ಹಾಕಿಕೊಂಡು ಹೇಳಿದಳು. "ತೋಂಟಂಗೆ ನಾನೇನೂ ಹೇಳಿಲ್ಲ, ಹೇಳೋದೂ ಇಲ್ಲ. ಆದ್ರೆ ಮಹಾಂತೇಶ ಮೂರ್ ದಿನದಿಂದ ಅಂಗಡಿ ಬಾಗ್ಲು ತೆಗ್ದಿಲ್ಲ. ಅವ್ನ ಮುಖ ನಾನು ನೋಡ್ದೆ, ನೀನು ನೋಡಿಲ್ಲ."

ಸ್ಕೂಟರ್ ಸದ್ದು ದಾರಿಯ ತಿರುವಿನವರೆಗೂ ಕೇಳಿಸಿತು. ನನ್ನ ಗುಟ್ಟು ನನ್ನ ಗಂಡನಿಗಿಂತ ಮೊದಲು ಅವಳಿಗೆ ಗೊತ್ತಾಯಿತು. ಈ ಹೊಟ್ಟೆಕಿಚ್ಚಿಗೆ ಮಾತ್ರ ಕಾರಣ ಪೂರ್ತಿ ನಾನೇ.

ಜುಲೈ 10, ಗುರುವಾರ, ಹನ್ನೆರಡು ಗಂಟೆ

ಲಾಕ್ ಬಿಟ್ಟಿತು. ಕಾಲ್ ಬಂತು. ಅಟ್ಟ ಹತ್ತಿ ಆರು ಅಂಕಿಯನ್ನೂ ಇದ್ದದ್ದು ಇದ್ದ ಹಾಗೇ ಓದಿದೆ. ಕೊನೆಯದನ್ನು ಎರಡು ಸಲ ಹೇಳಿದೆ.

ಆಯಿತು. ಆಕ್ಟಿವೇಟ್ ಆಯಿತು.

ಕೆಳಗಿಳಿದು ವೈಫೈ ಹತ್ತಿರ ಕೂತೆ. ಫೋನ್ ಎದೆಯ ಮೇಲಿಟ್ಟುಕೊಂಡು. ಬಂತು. ಮೊದಲನೇ ಮೆಸೇಜು. ಅವರು ಕೊಟ್ಟ ಮಾತು ಉಳಿಸಿಕೊಂಡರು.

"ಮೊದಲನೆಯದು ನಿನಗೇ. ಕಂಪ್ಯೂಟರ್ ಹೆಸರು ಗಾನವಿ ಅಂತ ಇಟ್ಟಿದೀನಿ, ಇಷ್ಟು ದಿನ ಮರೆತೇ ಹೋಗಿತ್ತು, ಸಾರಿ. ನೋಡು, ತುಮಕೂರಿಂದ ಬೇರೆ ಕಾರ್ಡ್ ತಂದು ಹಾಕಿದ್ದಕ್ಕೆ ಸರಿಹೋಯ್ತು. ಮಹಾಂತೇಶ ಕಳ್ಳ ಅನ್ನೋದು ಖಾತ್ರಿಯಾಯ್ತು. ಪಾಪ, ನಿನ್ನನ್ನ ಎಷ್ಟು ಸಲ ಅಟ್ಟ ಹತ್ತಿಸಿದೆ."

ಹನ್ನೆರಡು ದಿನ ಈ ಮೆಸೇಜಿಗೆ ಕಾದೆ. ನನ್ನ ಹೆಸರೂ ಇದೆ. ಬೇಕಾದ್ದೆಲ್ಲ ಇದೆ. ಇಡೀ ಮೆಸೇಜಿನಲ್ಲಿ ಒಂದೇ ಒಂದು ವಾಕ್ಯ ನನಗೆ ಕಾಣುತ್ತಿದೆ.

ಜುಲೈ 10, ಸಂಜೆ

ನಾಲ್ಕು ಸಲ ಟೈಪ್ ಮಾಡಿದೆ. ರೀ, ಕೋಡ್ ತಪ್ಪು ಹೇಳಿದ್ದು ನಾನು. ಅಳಿಸಿದೆ. ರೀ, ಕೋಪ ಮಾಡ್ಕೋಬೇಡಿ. ಅಳಿಸಿದೆ. ಅಲ್ಲಿ ಅವರ ಸ್ಕ್ರೀನಿನಲ್ಲಿ ನಾನು ಟೈಪ್ ಮಾಡುತ್ತಿರುವ ಚುಕ್ಕಿಗಳು ಕಾಣುತ್ತಿರಬೇಕು. "ಏನು ಬರೀತಿದೀಯ ಅಷ್ಟೊಂದು?" ಅಂತ ಕೇಳಿದರು, ಜೊತೆಗೆ ನಗುವ ಗೊಂಬೆ.

ಇದು ಬೆರಳಿನಲ್ಲಿ ಹೇಳುವ ಮಾತಲ್ಲ. ಮಹಾಂತೇಶ್ ಕೂಡ ಎದುರಿಗಿರಬೇಕು. ಅವರ ಎದುರಿಗೆ ಹೇಳದಿದ್ದರೆ ಹೇಳಿದ್ದಕ್ಕೆ ಅರ್ಥವಿಲ್ಲ.

ಅಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. ಅವಳು ಮೊದಲು ಎತ್ತಿದ್ದು ಆಷಾಢದ ಮಾತು.

"ಅತ್ತೆ ಹೊಸ್ತಿಲು ತುಳಿಬಾರ್ದು ಕಣೇ, ಇನ್ನೂ ಹದಿನಾಲ್ಕು ದಿನ ಐತೆ."

ತಿಪಟೂರು ಸ್ಟೇಷನ್ ಪ್ಲಾಟ್‌ಫಾರ್ಮಿಗೆ ಹೊಸ್ತಿಲು ಇಲ್ಲವಲ್ಲಮ್ಮ ಅಂದೆ. ಅಲ್ಲೇ ಬೆಂಚಿನ ಮೇಲೆ ಕೂತು ಹೇಳುತ್ತೇನೆ. ಬೈದರೆ ಅಲ್ಲೇ ಬೈಸಿಕೊಳ್ಳುತ್ತೇನೆ.

ಅಮ್ಮ ಅಟ್ಟದ ಕಡೆ ನೋಡಿದಳು. ಆಮೇಲೆ, "ಮಹಾಂತೇಶಂಗೆ ಒಂದ್ ಚೀಲ ಕಾಯಿ ತಗೊಂಡೋಗು. ಬರಿಗೈಲಿ ತಪ್ಪು ಒಪ್ಕೊಬ್ಯಾಡ" ಅಂದಳು.

ಜುಲೈ 11, ಶುಕ್ರವಾರ, ಬೆಳಿಗ್ಗೆ

ಅಮ್ಮ ಒಂದೊಂದೇ ಕಾಯಿ ಅಲ್ಲಾಡಿಸಿ ಆರಿಸಿ ಚೀಲ ತುಂಬಿಸಿದ್ದಾಳೆ. ಎತ್ತಿ ನೋಡಿದೆ. ಭಾರ.

ಆರ್ಯ ಕ್ಷಮಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನು ಓದಿದ ಅಂಕಿಯನ್ನು ಇನ್ನೊಂದು ಸಲ ನಂಬುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ. ಡಬ್ಬಕ್ಕೆ ನನ್ನ ಹೆಸರಿದೆ, ಅಳಿಸಿದರೂ ಅಳಿಸಬಹುದು. ಅಲ್ಲಿ ಸುನಂದಾ ಬಂದಿರದಿದ್ದರೆ ಸಾಕು... ನೋಡಿ, ಈಗಲೂ!

ಕಳಿಸುವ ಮೊದಲು ಮೆಸೇಜನ್ನು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಇದರಲ್ಲಿ ಒಂದಕ್ಷರವೂ ತಪ್ಪಬಾರದು.

ರೀ, ಸ್ಟೇಷನ್ನಿಗೆ ಬನ್ನಿ. ಮಹಾಂತೇಶ್ ಅವರನ್ನು ಕರೆದುಕೊಂಡೇ ಬನ್ನಿ, ಮಾತಾಡದಿದ್ದರೂ ಪರವಾಗಿಲ್ಲ, ಕರೆದುಕೊಂಡು ಬನ್ನಿ. ಮನೆಗೆ ಬರುವುದಿಲ್ಲ. ಅತ್ತೆಗೆ ಗಾಬರಿ ಬೇಡ. ನಾನೊಬ್ಬಳೇ ಬರುತ್ತೇನೆ. ನಾಳೆ, ಶನಿವಾರ, ಬೆಳಗಿನ ಅರಸೀಕೆರೆ ಪ್ಯಾಸೆಂಜರ್‌ನಲ್ಲಿ ಬಂದು ಇಳಿಯುತ್ತೇನೆ.