ನಿಮ್ಮಜ್ಜನ ಹೆಸರು

ನಿಪ್ಪಾಣಿ,
೧೪ ನವೆಂಬರ್ ೨೦೨೪

ಪ್ರೀತಿಯ ಮೊಮ್ಮಗಳು ಪ್ರಾಜಕ್ತಾಗೆ ನಿನ್ನ ಆಯಿಯ ತುಂಬು ಆಶೀರ್ವಾದ.

ಹೇಗಿದ್ದೀ ಮಗಳೇ? ಧಾರವಾಡದಲ್ಲಿ ಥಂಡಿ ಶುರುವಾಗಿರಬೇಕು, ಸ್ವೆಟರ್ ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಸೀನುತ್ತಾ ಇರಬೇಡ. ಹಾಸ್ಟೆಲಿನ ರೊಟ್ಟಿ ಈಗಲಾದರೂ ಹಲ್ಲಿಗೆ ಬಗ್ಗುತ್ತದೋ ಇಲ್ಲವೋ? ಫೋನ್ ಇರುವಾಗ ಆಯಿ ಪತ್ರ ಯಾಕೆ ಬರೆದಳು ಅಂತ ನಗಬೇಡ. ಫೋನ್ ಹಿಡಿದರೆ ನಿನ್ನಪ್ಪ ಪಕ್ಕದಲ್ಲೇ ಬಂದು ಕೂರುತ್ತಾನೆ. ಈ ಮಾತು ಅವನ ಎದುರಿಗೆ ಆಡುವಂಥದ್ದಲ್ಲ.

ನನ್ನ ಮೈ ಗಟ್ಟಿಯಾಗಿದೆ. ಆದರೆ ಮನೆಯವರ ಲೆಕ್ಕಕ್ಕೆ ನಾನೀಗ ರೋಗಿ. ಆದದ್ದಿಷ್ಟು: ದೀಪಾವಳಿ ಮುಗಿದ ಮೇಲೆ ಒಂದು ದಿನ ಹಾಲು ಉಕ್ಕಿ ಹೋಯಿತು. ಹಾಲು ಉಕ್ಕಿಸದ ಹೆಂಗಸು ನಿಪ್ಪಾಣಿಯಲ್ಲಿ ಯಾರಿದ್ದಾಳೆ? ಆದರೂ ನಿನ್ನಪ್ಪ ಭರತ ಗಾಬರಿಯಾಗಿ, ಊರಿಗೆ ಹೊಸದಾಗಿ ಬಂದಿರುವ ಮನೋರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರ್ ಚಲೋ ಹುಡುಗ, ಕೈ ಹಿಡಿದು ಕೂರಿಸಿದ. ವಾರ ಕೇಳಿದ, ಹೇಳಿದೆ. ತಿಂಗಳು ಕೇಳಿದ, ತಿಥಿ ಸಮೇತ ಹೇಳಿದೆ. ಆಮೇಲೆ ‘ಆಯೀ, ನಿಮ್ಮ ಯಜಮಾನ್ರ ಹೆಸರ ಏನ್ರಿ?’ ಅಂದ. ನಾನು ಸೆರಗು ಸರಿ ಮಾಡಿಕೊಂಡು ಕಿಟಕಿ ನೋಡಿದೆ. ಮತ್ತೊಮ್ಮೆ ಕೇಳಿದ. ನನಗೆ ನಗು ಬಂತು. ಅವನು ನಿನ್ನಪ್ಪನ ಮುಖ ನೋಡಿ ತಲೆ ಅಲ್ಲಾಡಿಸಿದ. ಹೊರಗೆ ಬಂದ ಮೇಲೆ ಭರತ ಕಣ್ಣು ಒರೆಸಿಕೊಂಡು ‘ಅವ್ವಾ, ಅಪ್ಪನ ಹೆಸರೂ ನೆನಪಿಲ್ಲೇನ?’ ಅಂದ. ‘ನೆನಪ ಐತಿ, ಹೇಳಾಕ ಬರೂದಿಲ್ಲಪ್ಪಾ’ ಅಂದೆ. ‘ಹೌದವ್ವಾ, ಹೌದು’ ಅಂತ ಕೂಸನ್ನು ಸಮಾಧಾನ ಮಾಡಿದ ಹಾಗೆ ಬೆನ್ನು ಸವರಿದ. ಅವತ್ತಿನಿಂದ ನಾನು ಗ್ಯಾಸ್ ಹಚ್ಚುವಂತಿಲ್ಲ. ಮುಂದಿನ ಖೋಲಿಗೂ ಕೀಲಿ ಬಿದ್ದಿದೆ. ನಿಮ್ಮಜ್ಜ ನಿವೃತ್ತರಾದ ಮೇಲೆ ಸಂತೆಯ ದಿನ ಅಕ್ಕೋಳ, ಬೇಡಕಿಹಾಳದ ಹೆಣ್ಣುಮಕ್ಕಳನ್ನು ಕೂರಿಸಿ ಅವರ ಸಂಕಟ ಕೇಳುತ್ತಿದ್ದದ್ದು ಅದೇ ಖೋಲಿಯಲ್ಲಿ. ಅವರು ಹೋದ ಮೇಲೂ ಆ ಹೆಣ್ಣುಮಕ್ಕಳು ನನ್ನ ಹತ್ತಿರ ಬಂದು ಎದೆ ಹಗುರ ಮಾಡಿಕೊಂಡು ಹೋಗುತ್ತಿದ್ದರು. ಹೋದ ಸಂತೆಗೆ ಬಂದವರನ್ನು ನಿನ್ನಪ್ಪ ‘ಅವ್ವಗ ಆರಾಮಿಲ್ಲ’ ಅಂತ ಹೇಳಿ ತಿರುಗಿ ಕಳಿಸಿದ. ನನ್ನ ಜೀವ ಚುರ್ ಅಂದಿತು ಪ್ರಾಜೂ. ಆ ಖೋಲಿ ಇಲ್ಲದಿದ್ದರೆ ನನ್ನ ದಿನಕ್ಕೆ ಅರ್ಥವೇ ಇಲ್ಲ.

ನಿಮ್ಮ ಮನೋರೋಗ ವಿಭಾಗದವರು ಅಜ್ಜನ ಬಗ್ಗೆ ಕಾರ್ಯಕ್ರಮ ಮಾಡುತ್ತಾರೆ, ಅವರ ಕೆಲಸದ ಬಗ್ಗೆ ಏನಾದರೂ ಹೇಳು ಅಂತ ಕೇಳಿದ್ದೆಯಲ್ಲ? ಎಡಿನ್‌ಬರೋದ ಡಿಗ್ರಿ, ಪ್ರೊಫೆಸರ್ ಹುದ್ದೆ, ಹಾರ ತುರಾಯಿ, ಇವೆಲ್ಲ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದನ್ನು ಹೇಳುತ್ತೇನೆ.

ಅವರು ವಿಲಾಯತಿಯಿಂದ ಬಂದ ಹೊಸತು. ಕೋಟು, ಟೈ, ಬಾಯಿ ತುಂಬ ಇಂಗ್ಲಿಷು. ಆಸ್ಪತ್ರೆಯಲ್ಲಿ ರಾಯಬಾಗದ ಕಡೆಯ ಕಾಳವ್ವ ಅನ್ನುವ ಹೆಣ್ಣುಮಗಳಿದ್ದಳು. ಕೂಸು ತೀರಿಕೊಂಡು ಊಟ ಬಿಟ್ಟಿದ್ದಳು. ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿ, ವಿಲಾಯತಿ ಪುಸ್ತಕದಲ್ಲಿದ್ದ ಪ್ರಶ್ನೆಯನ್ನೇ ಕನ್ನಡ ಮಾಡಿ ಗಂಡನ ಹೆಸರು ಕೇಳಿದರು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ‘ನೋಡಿ, ಗಂಡನ ಹೆಸರೂ ಗೊತ್ತಿಲ್ಲ, ಬುದ್ಧಿ ಪೂರ್ತಿ ಕದಡಿದೆ’ ಅಂತ ಪಾಠ ಮಾಡಿದರು. ಸಂಜೆ ಮನೆಗೆ ಬಂದು ಅದನ್ನೇ ನನಗೂ ಹೇಳಿದರು. ನಾನು ರೊಟ್ಟಿ ಬಡಿಯುವುದು ಬಿಟ್ಟು ನಕ್ಕೆ. ಸಿಟ್ಟೇ ಬಂತು ಅವರಿಗೆ. ‘ನಿಮ್ಮ ಹೆಸರ ನನ್ನ ಬಾಯಾಗ ಯಾವತ್ತರ ಕೇಳೀರೇನ್ರಿ? ಹಂಗಾರ ನನ್ನನ್ನೂ ಭರ್ತಿ ಮಾಡ್ರಿ’ ಅಂದೆ. ಹೆಂಡತಿಯಾದವಳು ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಅಂತ ನಂಬಿ ಬೆಳೆದವರು ನಾವು. ಅವರೂ ಅಕ್ಕೋಳದಲ್ಲೇ ಬೆಳೆದವರು, ಗೊತ್ತಿರಲಿಲ್ಲವೇ? ಕೋಟು ಹಾಕಿಕೊಂಡ ಮೇಲೆ ಮರೆತಿದ್ದರು, ಪಾಪ. ಅವತ್ತು ಊಟ ಸೇರಲಿಲ್ಲ ಅವರಿಗೆ.

ಮರುದಿನ ಅದೇ ವಿದ್ಯಾರ್ಥಿಗಳ ಮುಂದೆ ನೆಲದ ಮೇಲೆ ಕೂತು, ‘ಯವ್ವಾ, ಮದುವಿಯೊಳಗ ಹೇಳೂ ಹಂಗ ಒಂದ ಒಡಪ ಹಾಕಿ ಹೇಳ್ತಿಯೇನ?’ ಅಂದರಂತೆ. ಪ್ರಾಸ ಕಟ್ಟಿದ ಒಡಪಿನೊಳಗೆ ಗಂಡನ ಹೆಸರು ಬಂದರೆ ದೋಷವಿಲ್ಲವಲ್ಲ. ಕಾಳವ್ವ ಸೆರಗಿನ ಒಳಗಿಂದಲೇ ಅಂದಳಂತೆ: ‘ಕೃಷ್ಣಾ ಹೊಳಿ ದಂಡಿಗಿ ಕಬ್ಬಿನ ತ್ವಾಟ, ಅಣ್ಣಾಸಾಬರ ಹೆಸರ ಹೇಳಿ ಮಾಡತೀನಿ ಊಟ.’ ಅಂದು, ನಿಜಕ್ಕೂ ಉಂಡಳಂತೆ. ಕೆಲವೇ ದಿನಕ್ಕೆ ಗಂಡ ಬಂದು ಕರೆದುಕೊಂಡು ಹೋದ. ಆಮೇಲೆ ಇವರು ಆ ಪ್ರಶ್ನೆಗಳನ್ನೆಲ್ಲ ಬದಲಾಯಿಸಿದರು. ಜೋಳ ಯಾವಾಗ ಬಿತ್ತುತ್ತಾರೆ, ತವರಿನ ದಾರಿ ಯಾವುದು ಅಂತ ಕೇಳತೊಡಗಿದರು. ಅದರ ಮೇಲೆ ಬರೆದ ಲೇಖನವೇ ಅವರನ್ನು ಪ್ರೊಫೆಸರ್ ಮಾಡಿದ್ದು. ಕೊನೆಯಲ್ಲಿ ‘ಮನೆಯವರಿಗೆ ಕೃತಜ್ಞತೆ’ ಅಂತ ಒಂದು ಸಾಲು ಹಾಕಿದ್ದರು. ನನ್ನ ಹೆಸರು ಹಾಕಿರಲಿಲ್ಲ, ಸೇಡು ತೀರಿಸಿಕೊಂಡರು ಅಂತ ಕಾಡುತ್ತಿದ್ದೆ.

ಈಗ ಅವರೇ ಇಲ್ಲ, ಇನ್ಯಾರ ಆಯುಷ್ಯ ಕಾಯುತ್ತೀ ಅಂತ ನೀನು ಕೇಳಬಹುದು. ಒಡಪು ಹಾಕು ಅಂತ ವಿಧವೆಯನ್ನು ಯಾರೂ ಕೇಳುವುದಿಲ್ಲ ಮಗಳೇ. ಬರೀ ಹೆಸರು ಹೇಳಿಬಿಟ್ಟರೆ, ಅವರಿಲ್ಲ ಅನ್ನುವುದನ್ನು ನನ್ನ ಬಾಯಿಂದಲೇ ಒಪ್ಪಿಕೊಂಡ ಹಾಗೆ. ಅಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.

ವೇಳೆಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ನಿನ್ನ ರೂಮಿನ ಗೆಳತಿ ಅರ್ಶಿಯಾಗೂ ನನ್ನ ಆಶೀರ್ವಾದ ಹೇಳು. ಅಪ್ಪನ ಮೇಲೆ ಸಿಟ್ಟಾಗಬೇಡ, ಅವನಿಗೆ ನನ್ನ ಮೇಲಿನ ಜೀವ ಹೆಚ್ಚು.

ನಿನ್ನ ಆಯಿ,
ಕಸ್ತೂರೆವ್ವ

ತಾ.ಕ.: ಸೋಮವಾರ ಮತ್ತೆ ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಗುಳಿಗೆ ಶುರು ಮಾಡುತ್ತಾರಂತೆ. ಅಷ್ಟರೊಳಗೆ ಆ ಡಾಕ್ಟರಿಗೊಂದು ಫೋನ್ ಮಾಡು. ನೀನೂ ಅದೇ ವಿದ್ಯೆ ಕಲಿಯುವವಳು, ನಿನ್ನ ಮಾತು ಕೇಳಿಯಾನು. ಕೇಳದಿದ್ದರೆ ಇದನ್ನು ಓದಿ ಹೇಳು: ‘ನಿಪ್ಪಾಣಿ ಹೊಲದಾಗ ತಂಬಾಕಿನ ಹಸರ, ಇಷ್ಟ ವರ್ಷ ಬಚ್ಚಿಟ್ಟೀನಿ ಸಿದರಾಯರ ಹೆಸರ.’ ಬರೆದೆ ನೋಡು. ಬರೆಯುವಾಗ ಅಕ್ಷರ ಸೊಟ್ಟಗಾಗಿದೆ. ಅದನ್ನೂ ರೋಗ ಅಂತ ಬರೆದುಕೊಳ್ಳಬೇಡ ಅಂತ ಹೇಳು ಅವನಿಗೆ.